ಎದ್ಮೇಲೆ ಹೇಳ್ತೀನಿ

ಸುಲೋಚನಮ್ಮನ ತಲೆ ಮತ್ತೆ ಎಡಕ್ಕೆ ವಾಲಿತು. ಚೇತನ್‌ಕುಮಾರ್ ಬಿಳಿ ಬಟ್ಟೆಯ ಪಟ್ಟಿಯೊಂದನ್ನು ಅಮ್ಮನ ಗದ್ದದ ಕೆಳಗಿಂದ ತಂದು, ನೆತ್ತಿಯ ಮೇಲೆ ಗಂಟು ಹಾಕಿ, ಉಳಿದ ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿದ. ಈ ಸಲ ತಲೆ ನಿಂತಿತು. ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಕಳಿಸುತ್ತಾರೆ. ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತ ಸುಲೋಚನಮ್ಮ ಯಾರದೋ ಮೆಣಸಿನ ಚೀಲ ಬಿಚ್ಚುವುದನ್ನು ಕಾಯುತ್ತಿರುವ ಹಾಗೆ ಕಾಣುತ್ತಿದ್ದಳು.

ಗೋವಾದಿಂದ ಹನ್ನೊಂದು ಗಂಟೆಯ ಹಾದಿ ಸವೆಸಿ ಬಂದು ಕೊಡ್ಲಿಪೇಟೆಯ ಆ ಮನೆಯ ಹೊಸಿಲಲ್ಲಿ ನಿಂತ ಸ್ಪಂದನಾ ಮೊದಲು ಕಂಡಿದ್ದು ಇದನ್ನು.

"ಅಣ್ಣಾ," ಅಂದಳು.

ಚೇತನ್ ಒಮ್ಮೆ ತಿರುಗಿ ನೋಡಿದ. ಆಗಲೇ ಬಿಗಿಯಾಗಿದ್ದ ಗಂಟನ್ನು ಇನ್ನೊಂದು ಸಲ ಎಳೆದು ಬಿಗಿ ಮಾಡಿದ.

ಅವಳ ಬೆನ್ನಿಗೇ ಜಯಪ್ರಕಾಶ್ ಒಳಗೆ ಬಂದ. ಐವತ್ತರ ಹತ್ತಿರದವನು, ಕುಶಾಲನಗರದಲ್ಲಿ ಕಾಫಿ ವ್ಯಾಪಾರ. ಗೋವಾದಿಂದ ಕಾರು ಓಡಿಸಿಕೊಂಡು ಬಂದವನೂ ಅವನೇ. ಬಂದವನು ಹಾರ ಹಾಕಿ, ಸುಲೋಚನಮ್ಮನ ಪಾದಕ್ಕೆ ಹಣೆ ಮುಟ್ಟಿಸಿ, ಕಣ್ಣೊರೆಸಿಕೊಂಡ. ಆಮೇಲೆ ತೋಳು ಮಡಚಿ ಶಾಮಿಯಾನದ ಕೆಳಗಿನ ಕುರ್ಚಿಗಳನ್ನು ಸಾಲು ಮಾಡುವುದಕ್ಕೆ ನಿಂತ. ಅರ್ಧ ಗಂಟೆಯೊಳಗೆ ಯಾರಿಗೆ ಕಾಫಿ ಬಂದಿಲ್ಲ ಅನ್ನುವುದು ಮನೆಯವರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು.

"ಮಗ ಇದ್ದಂಗವ್ರೆ ನೋಡು," ಅಂದರು ಸಣ್ಣಸ್ವಾಮಿ, ಸತ್ತವಳ ಅಣ್ಣ. "ಯಾರೋ ಎತ್ತೋ. ನಮ್ಮ ಹುಡುಗೀನ ಇಷ್ಟು ದೂರ ಜೋಪಾನವಾಗಿ ಕರ್ಕೊಂಡು ಬಂದವ್ರೆ."

ಸುತ್ತ ಕೂತವರು ಹೌದೌದು ಅಂದರು. ಆ ಹೌದಿನಲ್ಲಿ ಮಗಳ ಮೇಲೆ ಒಂದು ಚುಚ್ಚು ಇದ್ದದ್ದು ಸ್ಪಂದನಾಗೆ ತಿಳಿಯಿತು. ಯಾಕೆ ಅನ್ನುವುದು ತಿಳಿಯಲಿಲ್ಲ.

ಅವಳು ಪೋಕರ್ ಆಡುವವಳು. ಇಸ್ಪೀಟು ಅಂದರೆ ಮೂಗು ಮುರಿಯುವ ಊರಿನಲ್ಲಿ ಅದನ್ನೇ ಕಸುಬು ಮಾಡಿಕೊಂಡವಳು. ದೊಡ್ಡ ಟೂರ್ನಮೆಂಟಿನಲ್ಲಿ ಕೂರುವುದಕ್ಕೇ ಲಕ್ಷಗಟ್ಟಲೆ ಕಟ್ಟಬೇಕು. ಅದನ್ನು ಕಟ್ಟಿದವನು ಜಯಪ್ರಕಾಶ್. ಗೆದ್ದರೆ ದೊಡ್ಡ ಪಾಲು ಅವನದು, ಸೋತರೆ ಹೆಚ್ಚುಕಡಿಮೆ ಪೂರ್ತಿ ನಷ್ಟವೂ ಅವನದೇ. ನಾನೂರು ಜನ ಕೂತ ಆಟದಲ್ಲಿ ಶನಿವಾರ ಸಂಜೆಗೆ ಒಂಬತ್ತು ಜನ ಉಳಿದಿದ್ದರು. ಎದುರಿಗಿದ್ದ ಪಣದ ಬಿಲ್ಲೆಗಳ, ಚಿಪ್ಸ್‌ಗಳ, ರಾಶಿ ನೋಡಿದರೆ ಸ್ಪಂದನಾ ಎರಡನೆಯವಳು. ಕೊನೆಯ ಆಟ ಇವತ್ತು, ಭಾನುವಾರ, ಸಂಜೆ ಆರಕ್ಕೆ.

ಪೋಕರ್ ಮೇಜು ಯಾರ ಸಾವಿಗೂ ಕಾಯುವುದಿಲ್ಲ. ಆಡುವವರು ಬರದಿದ್ದರೆ ಖಾಲಿ ಕುರ್ಚಿಯ ಮುಂದೆ ಅವರ ರಾಶಿ ಇಟ್ಟು, ಸುತ್ತಿಗೊಂದಿಷ್ಟು ಅದರಿಂದ ಕಿತ್ತು ನಡುವೆ ಹಾಕುತ್ತಾರೆ, ರಾಶಿ ಕರಗಿ ಹೋಗುವ ತನಕ. ಜಯಪ್ರಕಾಶ್ ಅದಕ್ಕೂ ದಾರಿ ಹುಡುಕಿದ್ದ. ಆಟ ನಡೆಸುವವರ ಹತ್ತಿರ ಮಾತಾಡಿ, ಉಳಿದ ಎಂಟು ಜನರೂ ಒಪ್ಪಿದರೆ ಆಟವನ್ನು ಒಂದು ದಿನ ಮುಂದೂಡುವ ಹಾಗೆ ಮಾಡಿದ್ದ. ಇವತ್ತು ಸಂಜೆ ನಾಲ್ಕರೊಳಗೆ ಅವನಿಗೆ ಫೋನ್ ಬರುತ್ತದೆ. ನಾಳೆ ಬಂದೇ ಬರುತ್ತೇವೆ ಅಂತ ಅವನು ಒಂದು ಹ್ಞೂಂ ಅಂದರೆ ಆಯಿತು. "ಆಗ್ಲಿ ಸರ್" ಅಂದಿದ್ದಳು ಸ್ಪಂದನಾ, ಕಾರಿನ ಹಿಂದಿನ ಸೀಟಿನಿಂದ. ನಂಬಿ ದುಡ್ಡು ಹಾಕಿದವರ ಕೈ ಬಿಡುವುದು ಅವಳ ಅಮ್ಮ ಕಲಿಸಿದ ಪಾಠವಲ್ಲ.

* * *

ಮೂವತ್ತೆರಡು ವರ್ಷ ಸುಲೋಚನಮ್ಮ ಕಾಳುಮೆಣಸಿನ ಮಂಡಿಯಲ್ಲಿ ತಕ್ಕಡಿಯ ಪಕ್ಕ ಕೂತಳು. ಗಂಡ ತೀರಿಕೊಂಡಾಗ ಸ್ಪಂದನಾಗೆ ಎರಡು ವರ್ಷ. ಮಂಡಿಯ ಕಸ ಗುಡಿಸಲು ಸೇರಿದವಳು ಒಂದು ದಿನ ಸಾಹುಕಾರರ ಎದುರೇ ಕಾಳೊಂದನ್ನು ಕಚ್ಚಿ, "ಇದಿನ್ನೂ ಒಣಗಿಲ್ಲ ಬುದ್ಧಿ," ಅಂದುಬಿಟ್ಟಳು. ಅವತ್ತು ಪೊರಕೆ ಕೆಳಗಿಟ್ಟವಳು ಮತ್ತೆ ಎತ್ತಲಿಲ್ಲ. ಚೀಲದ ಬಾಯಲ್ಲಿ ಗಟ್ಟಿ ಕಾಳು ಇಟ್ಟು ತಳದಲ್ಲಿ ಜೊಳ್ಳು ತುಂಬಿದವರು, ಪಪ್ಪಾಯಿ ಬೀಜ ಬೆರೆಸಿದವರು, ಎಲ್ಲರೂ ಅವಳ ಮುಂದೆ ಬಂದು ನಿಲ್ಲಬೇಕಿತ್ತು.

ಶಾಲೆಗೆ ರಜ ಬಂದರೆ ಸ್ಪಂದನಾ ಅಮ್ಮನ ಪಕ್ಕದಲ್ಲೇ ಗೋಣಿಯ ಮೇಲೆ ಕೂರುತ್ತಿದ್ದಳು.

"ಮುಖ ನೋಡ್ಬೇಡ," ಅನ್ನುತ್ತಿದ್ದಳು ಅಮ್ಮ. "ಮುಖಕ್ಕೆ ಎಲ್ರೂ ಪೌಡ್ರು ಬಳ್ಕೊಂಡೇ ಬಂದಿರ್ತಾರೆ. ಕೈ ನೋಡು."

"ಕೈಯಲ್ಲಿ ಏನಿರುತ್ತೆ?"

"ಜೊಳ್ಳು ತಂದೋನ ಕೈ ಸುಮ್ನಿರಲ್ಲ ಮಗಾ. ಟವೆಲ್ ಕೊಡವುತ್ತೆ, ಗುಂಡಿ ತಡವುತ್ತೆ. ಏನಾದ್ರೂ ಒಂದ್ ಮಾಡ್ತಿರುತ್ತೆ."

ಹಿಡಿದ ಮೇಲೆ ಅವಳು ಯಾರ ಮಾನವನ್ನೂ ಕಳೆಯುತ್ತಿರಲಿಲ್ಲ. ಚೀಲದ ಬಾಯಿಯನ್ನು ಮೊದಲಿದ್ದ ಹಾಗೇ ಕಟ್ಟಿ, "ಇನ್ನೆರಡು ಬಿಸಿಲು ಕಾಣಿಸ್ಕೊಂಡು ತಗೊಂಬನ್ನಿ," ಅಂತ ವಾಪಸು ಕೊಡುತ್ತಿದ್ದಳು. ಬಿಚ್ಚಿದ ಚೀಲ ಕಟ್ಟಿಕೊಡಬೇಕು, ಕಳ್ಳನದಾದರೂ ಸರಿ, ಅನ್ನುವುದು ಅವಳ ಮಾತು. ಕೈ ನೋಡುವ ವಿದ್ಯೆ ಮಗಳಿಗೆ ಬಂತು. ಚೀಲ ಕಟ್ಟಿಕೊಡುವ ಗುಣ ಬರಲಿಲ್ಲ.

ಎರಡು ವರ್ಷದ ಕೆಳಗೆ ಜಯಪ್ರಕಾಶ್ ಮೊದಲ ಸಲ ಮನೆಗೆ ಬಂದು, ನಿಮ್ಮ ಮಗಳ ಹಿಂದೆ ನಾನು ನಿಲ್ಲುತ್ತೇನೆ ಅಂದು ಹೋದ ಮೇಲೆ ಸುಲೋಚನಮ್ಮ ಲೋಟ ತೊಳೆಯುತ್ತಾ ಹೇಳಿದಳು: "ಸುಳ್ಳು ಹೇಳೋ ಮುಂಚೆ ಹೆಬ್ಬೆಟ್ಟಲ್ಲಿ ಉಂಗುರ ತಿರುಗಿಸ್ತಾನೆ. ನೋಡ್ಕೊ." ಆಮೇಲೆ ಒಳಗೆ ಹೋಗಿ ಎರಡು ಸಾವಿರ ರೂಪಾಯಿ ತಂದು ಮಗಳ ಕೈಯಲ್ಲಿಟ್ಟಳು. "ನಂದೂ ಒಂದು ಪಾಲಿರ್ಲಿ. ಅವನ ಕೈ ನಂಗೆ ಹಿಡಿಸ್ಲಿಲ್ಲ. ನಿನ್ನ ಕೈ ಮೇಲೆ ನಂಬಿಕೆ ಐತೆ."

* * *

ಹಿತ್ತಲಲ್ಲಿ ಚೇತನ್ ಹಂಡೆಗೆ ನೀರು ತುಂಬಿಸುತ್ತಿದ್ದ. ಸ್ಪಂದನಾ ಅವನ ಎದುರಿಗೆ ಹೋಗಿ ನಿಂತಳು.

"ಬಂದಾಗಿಂದ ಒಂದು ಮಾತಾಡಿಲ್ಲ ನೀನು. ನಾನೇನು ಮಾಡ್ದೆ?"

"ಆಟ ಮುಗೀತಾ?" ಅಂದ ಚೇತನ್.

"ಏನಂದೆ?"

"ಅಮ್ಮ ಬಿದ್ದಿದ್ದು ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ. ಹಾಸನಕ್ಕೆ ಕರ್ಕೊಂಡು ಹೋದ್ವಿ. ಮೂರು ಗಂಟೆ ತನಕ ಚೆನ್ನಾಗಿ ಮಾತಾಡ್ತಿದ್ಲು. ಒಂದ್ಸಲ ಫೋನ್ ಹಚ್ಚಿಕೊಡು, ಅವಳ ದನಿ ಕೇಳ್ಬೇಕು ಅಂದ್ಲು. ಎರಡು ಸಲ ಮಾಡ್ದೆ ನಿಂಗೆ."

"ನಂಗಾ?"

"ಹನ್ನೊಂದೂವರೆಗೆ ಮಾಡ್ದಾಗ ನಿಮ್ಮ ಸಾಹುಕಾರ್ರು ಎತ್ತಿದ್ರು. 'ಅವಳು ಕೂತವ್ಳೆ, ಎದ್ಮೇಲೆ ಹೇಳ್ತೀನಿ' ಅಂದ್ರು. ಎರಡು ಗಂಟೆಗೆ ಮತ್ತೆ ಮಾಡ್ದೆ. 'ಹೇಳಿದೀನಿ, ಆಟ ಮುಗಿಸ್ಕೊಂಡೇ ಮಾಡ್ತಾಳಂತೆ' ಅಂದ್ರು. ಅಮ್ಮಂಗೆ ಹಂಗೇ ಹೇಳ್ದೆ."

ಸ್ಪಂದನಾ ಹಂಡೆಯ ಅಂಚನ್ನು ಹಿಡಿದುಕೊಂಡಳು. "ಅಮ್ಮ ಏನಂದ್ಲು?"

"'ಆಡ್ಲಿ ಬಿಡು, ನಂಬಿ ದುಡ್ಡು ಕೊಟ್ಟೋರವ್ರೆ' ಅಂದ್ಲು. ಆಮೇಲೆ ನಿನ್ನ ಹೆಸರು ಎತ್ಲಿಲ್ಲ. ಐದೂ ಮುಕ್ಕಾಲಿಗೆ ಹೋದ್ಲು."

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಸ್ಪಂದನಾ ತನ್ನ ಫೋನು ತೆಗೆದು ತೋರಿಸಿದಳು. ನಿನ್ನೆಯ ಕರೆಗಳಲ್ಲಿ ಅಣ್ಣನ ಹೆಸರು ಇದ್ದದ್ದು ಒಂದೇ ಕಡೆ, ರಾತ್ರಿ ಏಳೂವರೆಗೆ, ಸಾವು ತಿಳಿಸಲು ಮಾಡಿದ್ದು. ಉಳಿದೆರಡನ್ನು ಯಾರೋ ಅಳಿಸಿದ್ದರು. ಆ ಮೇಜಿನಲ್ಲಿ ಕ್ಯಾಮೆರಾ ಇದ್ದದ್ದರಿಂದ ಆಡುವವರು ಫೋನನ್ನು ಹೊರಗೆ ತಮ್ಮವರ ಹತ್ತಿರ ಕೊಟ್ಟು ಕೂರಬೇಕು. ಅವಳ ಫೋನು ಇದ್ದದ್ದು ಜಯಪ್ರಕಾಶನ ಜೇಬಿನಲ್ಲಿ.

"ನಂಗೆ ಗೊತ್ತಾಗಿದ್ದು ರಾತ್ರಿ ಎಂಟಕ್ಕೆ ಅಣ್ಣಾ. ಆಟ ಎದ್ದ ಮೇಲೆ." ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. "ಮುಖ ನೋಡ್ಬೇಡ. ಕೈ ನೋಡು."

ಅವನೂ ಅದೇ ಅಮ್ಮನ ಮಗ. ನೋಡಿದ. ಕೈಗಳು ಅಲುಗಲಿಲ್ಲ. ಚೇತನ್ ಕೈಲಿದ್ದ ಕೊಡವನ್ನು ನೆಲಕ್ಕೆ ಕುಕ್ಕಿ ಅಂಗಳದ ಕಡೆ ಹೊರಟ.

"ನಿಲ್ಲು," ಅಂದಳು ಸ್ಪಂದನಾ. "ಹೊಡೆದ್ರೆ ಹತ್ತು ನಿಮಿಷಕ್ಕೆ ಮುಗಿದೋಗುತ್ತೆ. ನಾಲ್ಕು ಜನ ಬಿಡಿಸ್ತಾರೆ, ಪಾಪ ಅಂತಾರೆ. ನಾನು ಹೇಳ್ದಂಗೆ ಮಾಡು."

ಒಂದನ್ನು ಮಾತ್ರ ಅವಳು ಅಣ್ಣನಿಗೂ ಹೇಳಲಿಲ್ಲ. ನಿನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಫೋನು ಕೇಳಿದ್ದಳು. ಜಯಪ್ರಕಾಶ್ "ಚಾರ್ಜಿಗೆ ಹಾಕಿದೀನಿ, ನೀನು ಊಟ ಮಾಡು" ಅಂದಿದ್ದ. ಅನ್ನುವ ಮುಂಚೆ ಅವನ ಹೆಬ್ಬೆರಳು ಉಂಗುರವನ್ನು ಎರಡು ಸುತ್ತು ತಿರುಗಿಸಿತ್ತು. ಅವಳು ಅದನ್ನು ನೋಡಿದ್ದಳು. ನೋಡಿಯೂ ಮೊಸರನ್ನ ತಿಂದು ಹೋಗಿ ಕೂತಿದ್ದಳು, ಯಾಕೆಂದರೆ ಇಸ್ಪೀಟಿನ ಎಲೆಗಳು ಚೆನ್ನಾಗಿ ಬೀಳುತ್ತಿದ್ದವು. ಆಗ ಗಂಟೆ ಒಂದೂವರೆ. ಅಮ್ಮನಿಗೆ ಇನ್ನೂ ಮಾತಿತ್ತು. ತನ್ನ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳಲು ಸಾಯುವ ತನಕ ಸಮಯವಿದೆ. ಅವನ ಮೇಲಿನದಕ್ಕೆ ಇರುವುದು ನಾಲ್ಕು ಗಂಟೆಯ ತನಕ.

* * *

ಶಾಮಿಯಾನದ ಕೆಳಗೆ ಜಯಪ್ರಕಾಶ್ ಸಣ್ಣಸ್ವಾಮಿಯವರಿಗೆ ಧರ್ಮ ಹೇಳುತ್ತಿದ್ದ.

"ನಮ್ಮಲ್ಲಿ ಸೂತಕ ಅನ್ನೋದೇ ಇಲ್ವಲ್ಲ ಯಜಮಾನ್ರೆ. ಲಿಂಗ ಕಟ್ಟಿದೋರಿಗೆ ಹುಟ್ಟಿನ ಮೈಲಿಗೆ ಇಲ್ಲ, ಸಾವಿನ ಮೈಲಿಗೆ ಇಲ್ಲ. ಸಂಜೆ ಮಣ್ಣು ಮುಗಿಸಿ ಹುಡುಗಿ ಹೊರಟ್ರೆ ತಪ್ಪೇನು? ನಾಳೆ ಆಟ ಆಡಿ, ಮೂರನೇ ದಿನದ ಹಾಲು ತುಪ್ಪಕ್ಕೆ ಬಂದಿರ್ತಾಳೆ."

"ಶಾಸ್ತ್ರ ಏನೋ ಹಂಗೇ ಐತೆ," ಅಂದರು ಸಣ್ಣಸ್ವಾಮಿ ತಲೆ ಕೆರೆದುಕೊಂಡು.

ಸ್ಪಂದನಾ ಕಾಫಿ ಲೋಟ ತಂದು ಜಯಪ್ರಕಾಶನ ಕೈಗೆ ಕೊಟ್ಟಳು. "ಸರ್, ನಿನ್ನೆ ಅಣ್ಣ ಮೊದಲು ಫೋನ್ ಮಾಡಿದ್ದು ಎಷ್ಟೊತ್ತಿಗೆ?"

ಲೋಟ ಎಡಗೈಗೆ ಹೋಯಿತು. ಬಲಗೈ ಹೆಬ್ಬೆರಳು ಉಂಗುರವನ್ನು ಹುಡುಕಿಕೊಂಡು ಹೋಗಿ ಒಂದು ಸುತ್ತು ತಿರುಗಿಸಿತು.

"ಏಳೂವರೆ ಇರ್ಬೇಕಮ್ಮ. ಆಟ ಎದ್ದ ತಕ್ಷಣ ನಿನಗೆ ಹೇಳಿದ್ನಲ್ಲ."

"ಹೌದು ಸರ್."

"ಧೈರ್ಯ ತಗೋ. ಅಮ್ಮನೂ ನೀನು ಗೆಲ್ಲೋದನ್ನೇ ಬಯಸ್ತಿದ್ರು." ಈ ಸಲ ಉಂಗುರ ತಿರುಗಲಿಲ್ಲ. ಇದನ್ನು ಅವನು ನಿಜವಾಗಿಯೂ ನಂಬಿದ್ದ ಅಂತ ಕಾಣುತ್ತದೆ. ಅದೇ ಅವಳಿಗೆ ಹೆಚ್ಚು ಉರಿಸಿತು.

ಅವನು ಅತ್ತ ಹೋದ ಮೇಲೆ ಸ್ಪಂದನಾ ಮಾವನ ಪಕ್ಕ ಕೂತಳು. ಸಣ್ಣಸ್ವಾಮಿಯವರೂ ಈ ಆಟಕ್ಕೆ ಐದು ಸಾವಿರ ಹಾಕಿದ್ದರು.

"ಮಾವ, ನಿಮ್ಮ ದುಡ್ಡು ಹೋದ್ರೆ?"

"ಹೋಗ್ಲಿ. ಮೇಯೋಕೆ ಬಿಟ್ಟ ದನಾನ ಹುಲಿ ಹಿಡೀತು ಅಂತ ಅಳ್ತಾ ಕೂರಕ್ಕಾಯ್ತದಾ?" ಅವಳ ಮುಖವನ್ನು ಒಂದು ಗಳಿಗೆ ನೋಡಿದರು. "ಯಾಕ್ ಮಗಾ?"

"ಏನಿಲ್ಲ. ನಿಮ್ದು ನಾನು ಕೊಡ್ತೀನಿ."

ಎರಡೂವರೆಗೆ ವಿಮಾನ ಸಿದ್ಧವಾಯಿತು. ಬಿದಿರು, ಬಾಳೆದಿಂಡು, ಸೇವಂತಿಗೆ ಹೂವಿನಲ್ಲಿ ಕಟ್ಟಿದ ಕುರ್ಚಿ. ಸ್ವಾಮಿಗಳು ಅಂಗಳಕ್ಕೆ ಬಂದು ಕೇಳಿದರು: "ಗುಂಡಿಗೆ ಇಳಿಯೋರು ಯಾರು? ಒಬ್ಬ ಮಗ. ಇನ್ನೊಬ್ಬರು?"

ಯಾರೂ ಬಾಯಿ ಬಿಡುವ ಮುಂಚೆ ಸ್ಪಂದನಾ ಎದ್ದು ನಿಂತಳು. ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದಳು. "ಜಯಪ್ರಕಾಶಣ್ಣ ಇಳೀಲಿ ಸ್ವಾಮಿ. ಅಮ್ಮಂಗೆ ಮಗ ಇದ್ದಂಗೆ ಅಂತ ಬೆಳಿಗ್ಗೆಯಿಂದ ಎಲ್ರೂ ಅಂತಾನೇ ಅವ್ರೆ."

ಜಯಪ್ರಕಾಶ್ ಒಮ್ಮೆ ಕೈಗಡಿಯಾರದ ಕಡೆ ಕಣ್ಣು ಹಾಯಿಸಿದ. ಆಮೇಲೆ ಸುತ್ತ ನೋಡಿದ. ನೂರೈವತ್ತು ಮುಖಗಳು ಮೆಚ್ಚುಗೆಯಿಂದ ಅವನನ್ನೇ ನೋಡುತ್ತಿದ್ದವು. ಬೆಳಿಗ್ಗೆಯಿಂದ ಒಂದೊಂದೇ ಕುರ್ಚಿ ಸರಿಸಿ ಗಳಿಸಿದ ಹೆಸರು ಅದು.

"ನನ್ನ ಪುಣ್ಯ," ಅಂದ, ಶರ್ಟು ಬಿಚ್ಚುತ್ತಾ. ಕೊರಳಲ್ಲಿ ಶಿವದಾರ ಇತ್ತು.

"ಚರ್ಮದ್ದು ಏನೈತೋ ಎಲ್ಲ ತೆಗೀರಿ," ಅಂದರು ಸ್ವಾಮಿಗಳು. "ಈ ಊರಿನ ಕಟ್ಟು ಗೊತ್ತಲ್ಲ? ಇಳಿದ್ಮೇಲೆ ಗೂಡಿಗೆ ಕಲ್ಲು ಮುಚ್ಚೋ ತನಕ ಮೇಲೆ ಬರಂಗಿಲ್ಲ. ಮಧ್ಯ ಮಾತಾಡಂಗೂ ಇಲ್ಲ."

ಪ್ಯಾಂಟು ಕಳಚಿ ಪಂಚೆ ಸುತ್ತಿಕೊಂಡ. ಬೆಲ್ಟು ಬಂತು, ಪರ್ಸು ಬಂತು, ಪಟ್ಟಿಯ ಗಡಿಯಾರ ಬಂತು. ಕೊನೆಗೆ ಚರ್ಮದ ಕವಚದ ಫೋನು. ಅದನ್ನು ಒಂದು ಕ್ಷಣ ಹಿಡಿದುಕೊಂಡೇ ನಿಂತು, ಆಮೇಲೆ ಅವನು ಸ್ಪಂದನಾಳ ಕೈಗೆ ಕೊಟ್ಟ.

"ಫೋನ್ ಬಂದ್ರೆ ಎತ್ತು," ಅಂದ ಮೆಲ್ಲಗೆ. "ಹ್ಞೂಂ ಅಂದ್ಬಿಡು, ಅಷ್ಟೆ."

"ನೀವು ಹೋಗಿ ಸರ್," ಅಂದಳು. ಫೋನು ಕೈಗೆ ಬಂದದ್ದು ಬೆಣ್ಣೆಯಿಂದ ಕೂದಲು ತೆಗೆದ ಹಾಗಿತ್ತು.

* * *

ಗುಂಡಿ ಆಳವಾಗಿತ್ತು. ಅದರ ಒಂದು ಗೋಡೆಯಲ್ಲಿ ಒಬ್ಬರು ಕೂರುವಷ್ಟು ಗೂಡು ಕೊರೆದಿದ್ದರು. ಚೇತನ್ ಮತ್ತು ಜಯಪ್ರಕಾಶ್ ಕೆಳಗಿಳಿದು ಸುಲೋಚನಮ್ಮನನ್ನು ಇಳಿಸಿಕೊಂಡು ಗೂಡಿನಲ್ಲಿ ಕೂರಿಸಿದರು. ಎಡ ಅಂಗೈಯಲ್ಲಿ ಅವಳ ಇಷ್ಟಲಿಂಗ ಇಟ್ಟರು. ಜಯಪ್ರಕಾಶನ ಕೈಗಳು ಅಮ್ಮನನ್ನು ಮುಟ್ಟಿದಾಗ ಸ್ಪಂದನಾ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಆದರೆ ಅಮ್ಮ ಇಂಥ ಕೈಗಳನ್ನು ಮೂವತ್ತೆರಡು ವರ್ಷ ನೋಡಿದವಳು. ಇದೊಂದನ್ನು ಸಹಿಸಿಕೊಳ್ಳಲಿ ಅಂದುಕೊಂಡಳು.

ಜನ ಒಬ್ಬೊಬ್ಬರಾಗಿ ಬಂದು ಪತ್ರೆ, ವಿಭೂತಿ, ಉಪ್ಪು ಇಳಿಸಿ ಹೋದರು. ಮೂರ್ನಾಡಿನಿಂದ ಬಂದಿದ್ದ ಬೋಜಮ್ಮ ಸೆರಗಿನ ಗಂಟು ಬಿಚ್ಚಿ, ಒಂದು ಹಿಡಿ ಮೆಣಸು ತೆಗೆದು ಅಳುಕುತ್ತಾ ನಿಂತಳು.

"ಇದು ಈ ವರ್ಷದ್ದು ಸ್ವಾಮಿ. ಮೊದಲ ಚೀಲ ಯಾವಾಗಲೂ ಇವಳಿಗೇ ತೋರಿಸುವುದು ನಾನು. ಹಾಕಬಹುದಾ?"

"ಹಾಕವ್ವ. ಅವಳಿಗೆ ಅದೂ ಪತ್ರೆನೇ," ಅಂದರು ಸ್ವಾಮಿಗಳು.

ಮೂರೂ ಇಪ್ಪತ್ತಕ್ಕೆ ಕೈಯಲ್ಲಿದ್ದ ಫೋನು ನಡುಗಿತು. ಸ್ಪಂದನಾ ಎರಡು ಹೆಜ್ಜೆ ಹಿಂದೆ ಸರಿದು ಕಿವಿಗಿಟ್ಟುಕೊಂಡಳು. ಗೋವಾದ ದನಿ ಹಿಂದಿಯಲ್ಲಿ ಮರ್ಯಾದೆಯಿಂದ ಮಾತಾಡಿತು. ಎಂಟೂ ಜನ ಒಪ್ಪಿದ್ದಾರೆ. ಪಾಪ, ತಾಯಿ ಹೋಗಿದ್ದಾರೆ, ಕಾಯೋಣ ಅಂದಿದ್ದಾರೆ. ನಾಲ್ಕರೊಳಗೆ ಒಪ್ಪಿಗೆ ಕೊಟ್ಟರೆ ನಾಳೆ ಆರಕ್ಕೆ ಆಟ. ಕೊಡದಿದ್ದರೆ ಮೊದಲು ಹೇಳಿದ ಹಾಗೆ ಇವತ್ತೇ ಆರಕ್ಕೆ. ಜಯಪ್ರಕಾಶ್ ಅವರು ಇದ್ದಾರಾ?

ಒಂದು ಹ್ಞೂಂ ಸಾಕಿತ್ತು. ಮೊದಲ ಬಹುಮಾನದಲ್ಲಿ ಅವಳ ಪಾಲಿಗೆ ಬರುವುದು ಅಮ್ಮ ಆ ತಕ್ಕಡಿಯ ಪಕ್ಕ ಕೂತು ಜೀವಮಾನವಿಡೀ ದುಡಿದದ್ದಕ್ಕಿಂತ ಹೆಚ್ಚು. ಅಮ್ಮನ ಎರಡು ಸಾವಿರವೂ ಅದರಲ್ಲಿತ್ತು. 'ಆಡ್ಲಿ ಬಿಡು, ನಂಬಿ ದುಡ್ಡು ಕೊಟ್ಟೋರವ್ರೆ.' ಆ ಮಾತು ಅವಳಿಂದ ಹ್ಞೂಂ ಅನ್ನಿಸುವುದರಲ್ಲಿತ್ತು. ಆದರೆ ಅಮ್ಮನಿಂದ ಆ ಮಾತನ್ನು ಆಡಿಸಿದ್ದೇ ಅವನ ಸುಳ್ಳು.

ಅವಳು ಗುಂಡಿಯೊಳಗೆ ನೋಡಿದಳು. ಜಯಪ್ರಕಾಶ್ ಕುಕ್ಕರಗಾಲಲ್ಲಿ ಕೂತು, ಅಮ್ಮನ ಭುಜ ವಾಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಅವರು ಕೂತಿದ್ದಾರೆ," ಅಂದಳು ಸ್ಪಂದನಾ ಹಿಂದಿಯಲ್ಲಿ, ಮರ್ಯಾದೆಯಿಂದಲೇ. "ಎದ್ದ ಮೇಲೆ ಹೇಳ್ತೀನಿ."

ಮೂರೂ ನಲವತ್ತಕ್ಕೆ ಫೋನು ಮತ್ತೆ ನಡುಗಿತು. ಮೂರೂ ಐವತ್ತೈದಕ್ಕೆ ಇನ್ನೊಮ್ಮೆ. ಅವಳು ಎತ್ತಲಿಲ್ಲ. ಎರಡನೆಯ ಸಲ ಜಯಪ್ರಕಾಶ್ ಕೆಳಗಿಂದ ತಲೆ ಎತ್ತಿ ಅವಳ ಕಡೆ ನೋಡಿದ. ಹುಬ್ಬು ಹಾರಿಸಿ ಕೇಳಿದ. ಸ್ಪಂದನಾ ಕಣ್ಣು ಮುಚ್ಚಿ ತೆರೆದು, ಆಯಿತು ಅನ್ನುವ ಹಾಗೆ ತಲೆದೂಗಿದಳು. ಅವನ ಮುಖದಲ್ಲಿ ನೆಮ್ಮದಿ ಕಂಡಿತು. ಅವನು ನೋಡಿದ್ದು ಅವಳ ಮುಖವನ್ನು.

ಗೂಡಿನ ಬಾಯಿಗೆ ಕಲ್ಲು ಇಡುವ ಹೊತ್ತಿಗೆ ಸುಲೋಚನಮ್ಮನ ತಲೆ ಎಡಕ್ಕೆ ವಾಲಿತು. ಚೇತನ್ ಕಲ್ಲನ್ನು ತಡೆದು, ತಲೆಯನ್ನು ನೇರ ಮಾಡಿದ. ಹಿಂದಕ್ಕೆ ಸರಿದು ನೋಡಿ, ಇನ್ನೊಮ್ಮೆ ನೇರ ಮಾಡಿದ. ಬೆಳಿಗ್ಗೆ ಅವಸರದಲ್ಲಿ ಕಟ್ಟಿದ ಗಂಟನ್ನು ಬಿಚ್ಚಿ, ಬಟ್ಟೆಯ ಸುಕ್ಕು ತೆಗೆದು, ನಿಧಾನವಾಗಿ ಮತ್ತೆ ಕಟ್ಟಿದ. ಯಾರೂ ಅವಸರ ಮಾಡಲಿಲ್ಲ. ತಾಯಿಯ ತಲೆ ನೇರ ಮಾಡುವ ಮಗನಿಗೆ ಬೇಗ ಮುಗಿಸು ಅಂತ ಯಾರು ಹೇಳುತ್ತಾರೆ.

ಕಲ್ಲು ಮುಚ್ಚಿದಾಗ ನಾಲ್ಕೂ ಹನ್ನೆರಡು.

ಇಬ್ಬರನ್ನೂ ಕೈ ಹಿಡಿದು ಮೇಲೆಳೆದುಕೊಂಡರು. ಜಯಪ್ರಕಾಶ್ ಮೊಣಕೈ ತನಕ ಕೆಸರಾಗಿದ್ದ. ನೇರ ಅವಳ ಹತ್ತಿರ ಬಂದ.

"ಬಂತಾ ಫೋನು?"

"ಬಂತು."

"ಹ್ಞೂಂ ಅಂದ್ಯಲ್ಲ?"

"ನಿಮ್ಮನ್ನ ಕೇಳಿದ್ರು," ಅಂದಳು ಸ್ಪಂದನಾ. "ಕೂತವ್ರೆ, ಎದ್ಮೇಲೆ ಹೇಳ್ತೀನಿ ಅಂದೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅವಳ ಹಿಂದೆ ಬಂದು ನಿಂತಿದ್ದ ಚೇತನ್‌ನ ಕಡೆ ನೋಡಿದ, ಮತ್ತೆ ಅವಳ ಕಡೆ ನೋಡಿದ. ಮುಖದಲ್ಲಿ ಏನೂ ಕಾಣದ ಹಾಗೆ ನಿಂತ. ಮುಖವನ್ನು ನಿಭಾಯಿಸುವುದು ಅವನಿಗೂ ಗೊತ್ತಿತ್ತು. ಸುತ್ತ ಜನ ಅವನಿಗೆ ಕೈ ಮುಗಿಯುತ್ತಿದ್ದರು.

ಸ್ಪಂದನಾ ಫೋನನ್ನು ಅವನ ಅಂಗೈಯಲ್ಲಿಟ್ಟು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಅಮ್ಮನ ಕಡೆ ನಡೆದಳು.

ಜಯಪ್ರಕಾಶ್ ಫೋನಿನ ಮೇಲೆ ಹೆಬ್ಬೆರಳು ಒತ್ತಿದ. ಅದು ತೆರೆಯಲಿಲ್ಲ. ಪಂಚೆಗೆ ಒರೆಸಿಕೊಂಡು ಮತ್ತೆ ಒತ್ತಿದ. ಪಂಚೆಯೂ ಕೆಸರಾಗಿತ್ತು. ಗಾಜಿನ ಮೇಲೆ ಮಣ್ಣಿನ ಹೆಬ್ಬೆಟ್ಟೊಂದು ಮೂಡಿತು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು.